ಕ್ಲೋಂಡೈಕ್ ನದಿಯ ಹಾದಿಯನ್ನು ನಕ್ಷೆಯಲ್ಲಿ ಹಿಡಿಯುವುದು ಹೇಗೆ? ಸಂಗಮದಿಂದ ಉಗಮದವರೆಗೆ ಸಮಗ್ರ ಮಾರ್ಗದರ್ಶಿ

ಕೆನಡಾದ ವಾಯವ್ಯ ಮೂಲೆಯಲ್ಲಿರುವ ಯೂಕಾನ್ ಪ್ರದೇಶದಲ್ಲಿ ಕ್ಲೋಂಡೈಕ್ ಎಂಬ ಸಣ್ಣ ನದಿಯಿದೆ. ಉದ್ದ ಸುಮಾರು 160 ಕಿ.ಮೀ. ಓಗಿಲ್ವಿ ಪರ್ವತಗಳಲ್ಲಿ ಹುಟ್ಟಿ, ಡಾಸನ್ ಸಿಟಿ ಎಂಬ ಊರಿನ ಪಕ್ಕ ಯೂಕಾನ್ ನದಿಗೆ ಸೇರುತ್ತದೆ. ಇಷ್ಟು ಎಲ್ಲರಿಗೂ ಸಿಗುತ್ತದೆ. ಆದರೆ ನಕ್ಷೆ ಮುಂದಿಟ್ಟುಕೊಂಡು ಇದರ ಹಾದಿಯನ್ನು ನೀವೇ ಗುರುತಿಸಿ ಬರೆಯಿರಿ ಅಂದರೆ ಹೆಚ್ಚಿನವರು ಒಂದೇ ತರಹ ಎಡವುತ್ತಾರೆ. ಒಬ್ಬರು ಬೇರೆ ನದಿಯ ಬೆನ್ನು ಹತ್ತಿ ಆರ್ಕ್ಟಿಕ್ ಸಾಗರದ ಕಡೆಗೆ ಹೋಗಿಬಿಡುತ್ತಾರೆ. ಇನ್ನೊಬ್ಬರ ಲೆಕ್ಕದಲ್ಲಿ ನದಿಯ ಉದ್ದ ಎರಡು ಪಟ್ಟಾಗಿರುತ್ತದೆ. ಮತ್ತೊಬ್ಬರು ಗಣಿಯ ಹೊಂಡಗಳನ್ನು ಸರೋವರ ಅಂತ ಬರೆದಿರುತ್ತಾರೆ.

ತಪ್ಪು ಇರುವುದು ಜಾಣತನದಲ್ಲಲ್ಲ, ಕೆಲಸದ ಕ್ರಮದಲ್ಲಿ. ಎಲ್ಲರೂ ಉಗಮದಿಂದ ಶುರುಮಾಡುತ್ತಾರೆ. ಉಗಮದ ಹತ್ತಿರ ನೂರು ತೊರೆಗಳಿರುತ್ತವೆ. ಯಾವುದು ನಿಮ್ಮದು ಅಂತ ಹೇಗೆ ಗೊತ್ತಾಗಬೇಕು? ಸಂಗಮ ಮಾತ್ರ ಒಂದೇ ಒಂದು. ಅಲ್ಲಿಂದ ಮೇಲಕ್ಕೆ ಹತ್ತಿ. ಈ ಲೇಖನ ಪೂರ್ತಿ ಅದೇ ದಿಕ್ಕಿನಲ್ಲಿ ಸಾಗುತ್ತದೆ. ಚಿನ್ನ ಹುಡುಕಿ ಜನ ಈ ನದಿಗೆ ಮುಗಿಬಿದ್ದ ಕಥೆ ಇಲ್ಲಿ ಬೇಡ. ಅದು ನಿಮಗೆ ಗೊತ್ತಿರುವಂಥದ್ದೇ.

## ಶುರುಮಾಡುವ ಮುಂಚೆ: ಏನೇನು ಬೇಕು

ಕಂಪ್ಯೂಟರ್ ಇದ್ದರೆ ಸಾಕು, ಕಾಗದ ಇದ್ದರೆ ಇನ್ನೂ ಒಳ್ಳೆಯದು. ಕೆನಡಾ ಸರಕಾರದ ಸ್ಥಳಾಕೃತಿ ನಕ್ಷೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ಅಳತೆಯವು ಬೇಕು. ಒಂದು 1:2,50,000, ಇಡೀ ನದಿಯನ್ನು ಒಂದೇ ನೋಟಕ್ಕೆ ನೋಡಲು. ಇನ್ನೊಂದು 1:50,000, ಕೆಲಸ ಮಾಡಲು. ಎರಡನೆಯದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.

ಇದರ ಜೊತೆಗೆ ಕೆನಡಾದ ಅಧಿಕೃತ ಸ್ಥಳನಾಮಗಳ ಕೋಶ, ಒಂದು ಉಪಗ್ರಹ ಚಿತ್ರ, ಕ್ಯೂಜಿಐಎಸ್‌ನಂಥ ಪುಕ್ಕಟೆ ನಕ್ಷೆ ತಂತ್ರಾಂಶ. ಕಾಗದದವರಿಗೆ ಹೊಲಿಗೆ ದಾರ, ನಾಲ್ಕಾರು ಗುಂಡುಪಿನ್ನು, ಸ್ಕೇಲು, ಎರಡು ಬಣ್ಣದ ಪೆನ್ಸಿಲು. ಹಾಗೆಯೇ ಒಂದು ನೋಟ್‌ಬುಕ್. ಸುಮ್ನೆ ಹೇಳುತ್ತಿಲ್ಲ, ಪ್ರತಿ ಕವಲಿನಲ್ಲೂ ಯಾವ ಕಡೆ ತಿರುಗಿದಿರಿ, ಯಾಕೆ ತಿರುಗಿದಿರಿ ಅಂತ ಒಂದು ಸಾಲು ಬರೆದಿಡಬೇಕು. ಬರೆಯದಿದ್ದರೆ ಮೂರನೇ ಕವಲಿಗೆ ಎಲ್ಲ ಕಲಸಿಹೋಗುತ್ತದೆ.

## ಹಂತ 1: ಸಂಗಮದಲ್ಲಿ ಗೂಟ ಹೊಡೆಯಿರಿ

ಸಂಗಮ ಇರುವುದು ಸುಮಾರು 64 ಡಿಗ್ರಿ 3 ನಿಮಿಷ ಉತ್ತರ, 139 ಡಿಗ್ರಿ 26 ನಿಮಿಷ ಪಶ್ಚಿಮದಲ್ಲಿ. ಇದನ್ನು ತಂತ್ರಾಂಶಕ್ಕೆ ಕೊಡುವಾಗ ರೇಖಾಂಶದ ಮುಂದೆ ಮೈನಸ್ ಚಿಹ್ನೆ ಹಾಕಿ. ನಾವು ಪೂರ್ವ ರೇಖಾಂಶದಲ್ಲಿ ಬೆಳೆದವರು. ಮೈನಸ್ ಹಾಕುವ ಅಭ್ಯಾಸವೇ ಇಲ್ಲ. ಮರೆತರೆ ಚುಕ್ಕೆ ಹೋಗಿ ಸೈಬೀರಿಯಾದ ಯಾಕೂಟಿಯಾದಲ್ಲಿ ಕೂರುತ್ತದೆ. ಅಲ್ಲೂ ಬೆಟ್ಟ, ಅಲ್ಲೂ ನದಿ, ಅಲ್ಲೂ ಕಾಡು. ನೋಡಿದವರಿಗೆ ಅನುಮಾನವೇ ಬರುವುದಿಲ್ಲ.

ಸರಿಯಾದ ಜಾಗ ಅಂತ ಖಾತ್ರಿಯಾಗಲು ಉಪಗ್ರಹ ಚಿತ್ರವನ್ನು ಹತ್ತಿರಕ್ಕೆ ತನ್ನಿ. ಬೇಸಿಗೆಯ ಚಿತ್ರವಾದರೆ ಒಂದು ಚಂದದ ಗುರುತು ಸಿಗುತ್ತದೆ. ಯೂಕಾನ್ ನದಿಯ ನೀರು ಹಾಲು ಹಾಕಿದ ಚಹಾದ ಹಾಗೆ ಕೆನೆಗಂದು. ಮೇಲ್ಗಡೆ ವೈಟ್ ರಿವರ್ ಎಂಬ ನದಿ ಹಿಮನದಿಗಳ ಹೂಳನ್ನು ತಂದು ಅದಕ್ಕೆ ಸುರಿಯುತ್ತದೆ. ಪೂರ್ವದಿಂದ ಬರುವ ಕ್ಲೋಂಡೈಕ್ ತಿಳಿ. ಎರಡೂ ಕೂಡಿದ ಮೇಲೂ ಕಪ್ಪು ತಿಳಿನೀರಿನ ಒಂದು ಪಟ್ಟಿ ಡಾಸನ್ ಊರಿನ ದಡಕ್ಕೆ ಅಂಟಿಕೊಂಡು ಸ್ವಲ್ಪ ದೂರ ಹಾಗೇ ಹರಿಯುತ್ತದೆ. ಆ ಪಟ್ಟಿ ಕಂಡರೆ ಗೂಟ ಸರಿಯಾದ ಜಾಗಕ್ಕೇ ಬಿದ್ದಿದೆ.

ಗೂಟ ಅನ್ನುವ ಮಾತು ಇಲ್ಲಿ ಹೊಂದುತ್ತದೆ. ಇಲ್ಲಿನ ಮೂಲ ನಿವಾಸಿಗಳ ಹಾನ್ ಭಾಷೆಯಲ್ಲಿ ನದಿಯ ಹೆಸರು ಟ್ರೊಂಡೆಕ್. ಸಾಲ್ಮನ್ ಮೀನಿಗೆ ಬೇಲಿ ಕಟ್ಟಲು ಗೂಟ ಹೊಡೆಯುತ್ತಿದ್ದ ಕಲ್ಲಿನ ಸುತ್ತಿಗೆಯಿಂದ ಆ ಹೆಸರು ಬಂದದ್ದು. ಹೊರಗಿನವರ ಬಾಯಲ್ಲಿ ಅದೇ ಕ್ಲೋಂಡೈಕ್ ಆಯಿತು.

ಎಚ್ಚರಿಕೆ: ಹೆಸರು ಹುಡುಕುವಾಗ ಬರೀ ‘ಬೇರ್ ಕ್ರೀಕ್’, ‘ರಾಕ್ ಕ್ರೀಕ್’ ಅಂತ ಕೊಡಬೇಡಿ. ಕೆನಡಾದಲ್ಲಿ ಕರಡಿಗೂ ಕಲ್ಲಿಗೂ ಬರವಿಲ್ಲ. ಆ ಹೆಸರಿನ ತೊರೆಗಳು ಎಲ್ಲೆಲ್ಲೂ ಇವೆ. ಹೆಸರಿನ ಜೊತೆ ಯೂಕಾನ್ ಅಂತಲೂ ನಕ್ಷೆಯ ಹಾಳೆ ಸಂಖ್ಯೆಯನ್ನೂ ಕೊಟ್ಟು ಹುಡುಕಿ.

## ಹಂತ 2: ಹಾಳೆಗಳನ್ನು ಹೊಂದಿಸಿ

ಡಾಸನ್ ಇರುವ 1:50,000 ಹಾಳೆ 116 ಬಿ/3. ಅದರ ಪೂರ್ವಕ್ಕೆ 116 ಬಿ/2. ಇಲ್ಲಿಯವರೆಗೆ ಸುಲಭ. ಆಮೇಲೆ ನದಿ 64 ಡಿಗ್ರಿ ಅಕ್ಷಾಂಶಕ್ಕೆ ಅಂಟಿಕೊಂಡೇ ಹೋಗುತ್ತದೆ. ಆ ಗೆರೆ ದಾಟಿದ ಕೂಡಲೇ ಹಾಳೆಯ ಸಂಖ್ಯೆ 116ರಿಂದ 115ಕ್ಕೆ ಹಾರುತ್ತದೆ. ಕೆಳಗಿನ ಹಾಳೆಗಳು 115 ಒ/14 ಮತ್ತು 115 ಒ/15. ಅನೇಕರು 116ರ ಹಾಳೆಗಳನ್ನಷ್ಟೇ ಇಳಿಸಿಕೊಂಡು, ನದಿ ಅಂಚಿನಲ್ಲಿ ಮಾಯವಾಯಿತು, ಡೇಟಾ ಇಲ್ಲ ಅಂತ ಕೈಚೆಲ್ಲುತ್ತಾರೆ. ಡೇಟಾ ಇದೆ, ಪಕ್ಕದ ಕಟ್ಟಿನಲ್ಲಿದೆ ಅಷ್ಟೇ.

ಈ ಸಂಖ್ಯೆಗಳ ಕ್ರಮ ಒಮ್ಮೆ ಅರ್ಥವಾದರೆ ಮತ್ತೆ ಮರೆಯುವುದಿಲ್ಲ. ಒಂದು ದೊಡ್ಡ ಹಾಳೆಯಲ್ಲಿ 16 ಸಣ್ಣ ಹಾಳೆಗಳಿವೆ. 1 ಇರುವುದು ಬಲಗಡೆ ಕೆಳಮೂಲೆಯಲ್ಲಿ. ಅಲ್ಲಿಂದ ಎಡಕ್ಕೆ 4ರವರೆಗೆ. ಮೇಲಿನ ಸಾಲು ಎಡದಿಂದ ಬಲಕ್ಕೆ 5ರಿಂದ 8. ಮತ್ತೆ ಬಲದಿಂದ ಎಡಕ್ಕೆ. ಹೊಲ ಉಳುವಾಗ ಎತ್ತುಗಳು ಬದುವಿನಲ್ಲಿ ತಿರುಗಿ ವಾಪಸ್ ಬರುತ್ತವಲ್ಲ, ಅದೇ ಲೆಕ್ಕ.

ಇನ್ನೊಂದು ಸಿಕ್ಕು 138 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಕ್ರಮ. ಆ ಗೆರೆಯ ಪಶ್ಚಿಮಕ್ಕೆ ಯುಟಿಎಂ ವಲಯ 7, ಪೂರ್ವಕ್ಕೆ ವಲಯ 8. ಜಲಾನಯನ ಪ್ರದೇಶ ಬಿಡಿಸುತ್ತಾ ಪೂರ್ವಕ್ಕೆ ಹೋದವರು ಈ ಗೆರೆಯನ್ನು ಗಮನದಲ್ಲಿಡಬೇಕು. ಎರಡು ವಲಯದ ಅಂಕಿಗಳನ್ನು ಬೆರೆಸಿದರೆ ಗೆರೆ ನೂರಾರು ಕಿ.ಮೀ. ಪಕ್ಕಕ್ಕೆ ಜಿಗಿಯುತ್ತದೆ.

## ಹಂತ 3: ಎಡದಂಡೆ, ಬಲದಂಡೆ ತೀರ್ಮಾನಿಸಿ

ಎಡದಂಡೆ ನಾಲೆ, ಬಲದಂಡೆ ನಾಲೆ ಅನ್ನುವುದನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ನೀರು ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಎಡಗೈ ಇರುವ ಕಡೆ ಎಡದಂಡೆ. ಗೊತ್ತಿದ್ದೂ ತಪ್ಪುವುದು ಯಾಕೆಂದರೆ ನಾವೀಗ ನದಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದ್ದೇವೆ. ಮುಖ ಪೂರ್ವಕ್ಕಿದೆ, ನೀರು ಹರಿಯುವುದು ಪಶ್ಚಿಮಕ್ಕೆ. ನಿಮ್ಮ ಬಲಗೈಗೆ ಸಿಗುವ ತೊರೆ ಎಡದಂಡೆಯದು.

ಹಾಗಾಗಿ ನಕ್ಷೆಯ ಮೇಲೇ ಬರೆದುಬಿಡಿ: ದಕ್ಷಿಣ ದಡ ಎಡದಂಡೆ, ಉತ್ತರ ದಡ ಬಲದಂಡೆ. ಡಾಸನ್ ಊರು ಕ್ಲೋಂಡೈಕ್‌ನ ಬಲದಂಡೆಯಲ್ಲಿದೆ. ಇದೇ ಊರು ಯೂಕಾನ್ ನದಿಗೂ ಬಲದಂಡೆಯೇ. ಯೂಕಾನ್ ಇಲ್ಲಿ ಉತ್ತರದ ಕಡೆಗೆ ಹರಿಯುತ್ತದೆ, ಊರು ಅದರ ಪೂರ್ವಕ್ಕಿದೆ. ಎರಡನ್ನೂ ಕೈ ಚಾಚಿ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ನಾನು ಈಗಲೂ ಕುರ್ಚಿಯಲ್ಲೇ ತಿರುಗಿ ನೋಡುತ್ತೇನೆ.

## ಹಂತ 4: ಕೆಳಗಿನ ಕಣಿವೆಯಲ್ಲಿ ನಿಜವಾದ ನದಿಯನ್ನು ಹುಡುಕಿ

ಸಂಗಮದಿಂದ ಮೊದಲ ಇಪ್ಪತ್ತು ಕಿ.ಮೀ. ನೋಡಲು ಸುಲಭ, ಓದಲು ಕಷ್ಟ. ಉಪಗ್ರಹ ಚಿತ್ರವನ್ನು ಹತ್ತಿರ ತಂದರೆ ಕಣಿವೆಯ ತಳದಲ್ಲಿ ದೊಡ್ಡ ದೊಡ್ಡ ಕಂಬಳಿಹುಳುಗಳು ಸಾಲಾಗಿ ಮಲಗಿದಂತೆ ಕಾಣುತ್ತದೆ. ಬಿಲ್ಲಿನ ಹಾಗೆ ಬಾಗಿದ ಕಲ್ಲಿನ ದಿಬ್ಬಗಳು, ಒಂದರ ಹಿಂದೆ ಒಂದು, ನಡುನಡುವೆ ಕಪ್ಪು ನೀರಿನ ಹೊಂಡಗಳು. ಇದು ನದಿ ಮಾಡಿದ್ದಲ್ಲ. ಚಿನ್ನ ಸೋಸುವ ತೇಲುಯಂತ್ರಗಳು 1966ರ ತನಕ ಈ ಭಾಗದಲ್ಲಿ ಕೆಲಸ ಮಾಡಿದವು. ಮುಂದಿನಿಂದ ಜಲ್ಲಿಯನ್ನು ಬಾಚಿ ತಿಂದು, ಚಿನ್ನ ಉಳಿಸಿಕೊಂಡು, ಹಿಂದಿನಿಂದ ಕಲ್ಲನ್ನು ಉಗುಳುತ್ತಾ ಹೋದವು. ಯಂತ್ರದ ಬಾಲ ಆಚೀಚೆ ಆಡಿದ ಹಾಗೆ ದಿಬ್ಬಗಳೂ ಬಾಗಿ ಬಿದ್ದವು.

ಇಲ್ಲಿ ಆಗುವ ತಪ್ಪು ಏನೆಂದರೆ, ಆ ಬಾಗಿದ ಹೊಂಡಗಳನ್ನು ನದಿ ಬಿಟ್ಟುಹೋದ ಹಳೆಯ ಬಳಸು, ಅಂದರೆ ಶಾಲೆಯ ಪುಸ್ತಕದ ಕುದುರೆ ಲಾಳದ ಸರೋವರ, ಅಂತ ತಿಳಿಯುವುದು. ವ್ಯತ್ಯಾಸ ಹೀಗೆ. ನದಿಯ ಹಳೇ ಬಳಸು ಸಾಮಾನ್ಯವಾಗಿ ಒಂಟಿಯಾಗಿರುತ್ತದೆ, ಅಗಲ ಈಗಿನ ನದಿಯಷ್ಟೇ ಇರುತ್ತದೆ, ಸುತ್ತ ಸಪಾಟಾದ ನೆಲವಿರುತ್ತದೆ. ಗಣಿಯ ಹೊಂಡಗಳು ಗುಂಪು ಗುಂಪಾಗಿ, ಒಂದೇ ಅಂತರದಲ್ಲಿ, ಎತ್ತರದ ಕಲ್ಲುಗುಡ್ಡೆಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಬಾಚಣಿಗೆಯ ಹಲ್ಲಿನ ಹಾಗೆ ಕ್ರಮವಾಗಿದ್ದರೆ ಅದು ಮನುಷ್ಯನ ಕೆಲಸ.

ಕವಲೊಡೆದ ಕಡೆ ಯಾವ ಎಳೆಯನ್ನು ಹಿಡಿಯಬೇಕು? ಅತಿ ಅಗಲದ್ದನ್ನು. ಅಗಲ ಸಮನಾಗಿದ್ದರೆ ಕೆನಡಾದ ರಾಷ್ಟ್ರೀಯ ಜಲಜಾಲದ ಡೇಟಾದಲ್ಲಿ ಮುಖ್ಯ ಹರಿವು ಎಂದು ಗುರುತಿಸಿದ್ದನ್ನು ಹಿಡಿಯಿರಿ. ಒಂದು ಕಡೆ ಎಡ ಎಳೆ, ಇನ್ನೊಂದು ಕಡೆ ಬಲ ಎಳೆ ಅಂತ ಮನಸ್ಸಿಗೆ ಬಂದ ಹಾಗೆ ಆರಿಸಬಾರದು.

ಚಿತ್ರ ತೆಗೆದ ತಾರೀಖು ನೋಡಲು ಮರೆಯಬೇಡಿ. ಅಕ್ಟೋಬರ್ ಕೊನೆಯಿಂದ ಮೇವರೆಗೆ ನದಿ ಹೆಪ್ಪುಗಟ್ಟಿರುತ್ತದೆ. ಆ ತಿಂಗಳ ಚಿತ್ರದಲ್ಲಿ ಮರಳುದಿಬ್ಬವೂ ನದಿಯೂ ಒಂದೇ ಬಿಳುಪು. ಜುಲೈ, ಆಗಸ್ಟ್ ಚಿತ್ರಗಳೇ ಒಳ್ಳೆಯವು.

## ಹಂತ 5: ಉಪನದಿಗಳನ್ನು ಸಾಲಾಗಿ ಬರೆಯಿರಿ

ಕೆಳಗಿನಿಂದ ಮೇಲಕ್ಕೆ ಹೋದಾಗ ಎಡದಂಡೆಗೆ ಮೊದಲು ಬೊನಾಂಜಾ ಕ್ರೀಕ್, ಆಮೇಲೆ ಬೇರ್ ಕ್ರೀಕ್, ಆಮೇಲೆ ಹಂಕರ್ ಕ್ರೀಕ್ ಸಿಗುತ್ತವೆ. ಇನ್ನೂ ಮೇಲೆ ಬಲದಂಡೆಗೆ ರಾಕ್ ಕ್ರೀಕ್. ಹೆದ್ದಾರಿ ಕೂಡ ನಿಮ್ಮ ನೆರವಿಗಿದೆ. ವೈಟ್‌ಹಾರ್ಸ್‌ನಿಂದ ಬರುವ ಕ್ಲೋಂಡೈಕ್ ಹೆದ್ದಾರಿ ಈ ಭಾಗದಲ್ಲಿ ದಕ್ಷಿಣ ದಡದಲ್ಲೇ ಬಂದು, ಬೊನಾಂಜಾದ ತಿರುವು ದಾಟಿದ ಮೇಲೆ ಸೇತುವೆ ಹತ್ತಿ ಡಾಸನ್ ಕಡೆಯ ದಡಕ್ಕೆ ಹೋಗುತ್ತದೆ. ನಿಮ್ಮ ನಕ್ಷೆಯಲ್ಲಿ ಬೊನಾಂಜಾ ಉತ್ತರ ದಡಕ್ಕೆ ಸೇರುತ್ತಿದ್ದರೆ ಎಲ್ಲೋ ತಲೆಕೆಳಗಾಗಿದೆ.

ಈ ಹಂತದಲ್ಲಿ ಎಡವುವ ಜಾಗಗಳು ಮೂರಿವೆ.

ಮೊದಲನೆಯದು, ಮಗನನ್ನು ಬಿಟ್ಟು ಮೊಮ್ಮಗನನ್ನು ಲೆಕ್ಕಕ್ಕೆ ಹಿಡಿಯುವುದು. ಎಲ್ಡೊರಾಡೊ ಕ್ರೀಕ್ ಹೆಸರುವಾಸಿ, ಅದಕ್ಕೆ ಎಲ್ಲರೂ ಪಟ್ಟಿಗೆ ಸೇರಿಸುತ್ತಾರೆ. ಆದರೆ ಅದು ಬೊನಾಂಜಾಕ್ಕೆ ಸೇರುತ್ತದೆ, ಕ್ಲೋಂಡೈಕ್‌ಗೆ ನೇರವಾಗಿ ಅಲ್ಲ. ಗೋಲ್ಡ್‌ಬಾಟಂ ಕ್ರೀಕ್ ಹಾಗೆಯೇ ಹಂಕರ್‌ಗೆ ಸೇರುತ್ತದೆ. ಪಟ್ಟಿಯಲ್ಲಿ ನೇರ ಉಪನದಿಗಳಿಗೆ ಒಂದು ಬಣ್ಣ, ಉಳಿದವಕ್ಕೆ ಇನ್ನೊಂದು ಬಣ್ಣ. ಎರಡು ಪೆನ್ಸಿಲ್ ಬೇಕು ಅಂದದ್ದು ಇದಕ್ಕೇ.

ಎರಡನೆಯದು ಕಿಂಗ್ ಸೊಲೊಮನ್ ಡೋಮ್. ಡಾಸನ್‌ನ ಆಗ್ನೇಯಕ್ಕಿರುವ ದುಂಡು ತಲೆಯ ಬೆಟ್ಟ ಇದು, ಎತ್ತರ 1,200 ಮೀಟರಿಗೆ ಸ್ವಲ್ಪ ಜಾಸ್ತಿ. ಕೊಡೆಯ ಕಡ್ಡಿಗಳ ಹಾಗೆ ತೊರೆಗಳು ಇದರ ಸುತ್ತ ಎಲ್ಲ ದಿಕ್ಕಿಗೂ ಇಳಿಯುತ್ತವೆ. ಬೊನಾಂಜಾ, ಹಂಕರ್ ಎರಡೂ ಇಲ್ಲಿಂದ ಕ್ಲೋಂಡೈಕ್ ಕಡೆಗೆ ಬರುತ್ತವೆ. ಡೊಮಿನಿಯನ್, ಸಲ್ಫರ್, ಕ್ವಾರ್ಟ್ಜ್ ಕ್ರೀಕ್‌ಗಳು ಬರುವುದಿಲ್ಲ. ಅವು ದಕ್ಷಿಣದ ಇಂಡಿಯನ್ ರಿವರ್‌ಗೆ ಹೋಗುತ್ತವೆ. ಇಂಡಿಯನ್ ರಿವರ್ ತನ್ನ ಪಾಡಿಗೆ ಯೂಕಾನ್ ಸೇರುತ್ತದೆ. ಇವೆಲ್ಲವನ್ನೂ ಕ್ಲೋಂಡೈಕ್ ಚಿನ್ನದ ಸೀಮೆ ಅಂತ ಕರೆಯುವುದರಿಂದ ಎಲ್ಲವೂ ಕ್ಲೋಂಡೈಕ್ ನದಿಯ ತೊರೆಗಳು ಅಂತ ಜನ ತಿಳಿಯುತ್ತಾರೆ. ಸೀಮೆಯ ಹೆಸರು ಬೇರೆ, ನದಿಯ ಜಲಾನಯನ ಬೇರೆ.

ಮೂರನೆಯದು ಕಾಂಟೂರ್ ಗೆರೆಗಳದ್ದು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳದ್ದು. ತೊರೆಯನ್ನು ದಾಟುವಾಗ ಅವು ಬಾಣದ ಮೊನೆಯ ಹಾಗೆ ಮಡಚುತ್ತವೆ. ಮೊನೆ ತೋರಿಸುವುದು ನೀರು ಬರುವ ದಿಕ್ಕನ್ನು, ಹೋಗುವ ದಿಕ್ಕನ್ನಲ್ಲ. ಬೆಟ್ಟದ ಏಣಿನಲ್ಲಿ ಇದು ಉಲ್ಟಾ. ಒಂದು ತೊರೆಯ ದಿಕ್ಕು ಗೊತ್ತಾಗದಿದ್ದರೆ ಎರಡು ಕಾಂಟೂರಿನ ಎತ್ತರದ ಅಂಕಿಯನ್ನು ಓದಿ. ಕಣ್ಣಳತೆ ನಂಬಬೇಡಿ.

## ಹಂತ 6: ಉತ್ತರ ಕ್ಲೋಂಡೈಕ್‌ನ ಕವಲಿನಲ್ಲಿ ನಿಲ್ಲಿ

ಡಾಸನ್‌ನಿಂದ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಪೂರ್ವಕ್ಕೆ ಡೆಂಪ್‌ಸ್ಟರ್ ಹೆದ್ದಾರಿಯ ತಿರುವು. ಶುರುವಿನಲ್ಲೇ ಅದು ಕ್ಲೋಂಡೈಕ್ ಮೇಲೆ ಸೇತುವೆ ದಾಟಿ ಉತ್ತರಕ್ಕೆ ತಿರುಗುತ್ತದೆ. ಈ ಸುತ್ತಿನಲ್ಲೇ ಉತ್ತರದಿಂದ ಉತ್ತರ ಕ್ಲೋಂಡೈಕ್ ನದಿ ಬಂದು ಬಲದಂಡೆಗೆ ಸೇರುತ್ತದೆ.

ಅತಿ ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ. ನಾನೂ ಮೊದಲ ಸಲ ತಪ್ಪಿದ್ದೆ. ಕಾರಣ ಸರಳ. ಹೆದ್ದಾರಿ ಉತ್ತರ ಕ್ಲೋಂಡೈಕ್ ಕಣಿವೆಯಲ್ಲೇ ಹೋಗುತ್ತದೆ. ಟೂಂಬ್‌ಸ್ಟೋನ್ ಪಾರ್ಕ್ ಅದರ ತಲೆಭಾಗದಲ್ಲಿದೆ. ಪ್ರವಾಸಿಗರು ತೆಗೆದ ಫೋಟೋಗಳೆಲ್ಲ ಅಲ್ಲಿಯವು. ಮುಖ್ಯ ನದಿಯ ಮೇಲ್ಭಾಗಕ್ಕೆ ಅಂಥ ರಸ್ತೆಯಿಲ್ಲ, ಫೋಟೋಗಳೂ ಕಡಿಮೆ. ರಸ್ತೆ ಇರುವುದೇ ದೊಡ್ಡದು ಅಂತ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ.

ಅಂಕಿ ನೋಡಿದರೆ ಬೇರೆಯೇ ಕಥೆ. ಬೊನಾಂಜಾ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ ನೀರು ಅಳೆಯುವ ಕೇಂದ್ರವಿದೆ. ಅದರ ಮೇಲ್ಭಾಗದ ಜಲಾನಯನ ಸುಮಾರು 7,800 ಚದರ ಕಿ.ಮೀ. ಉತ್ತರ ಕ್ಲೋಂಡೈಕ್‌ನದು ಸುಮಾರು 1,100. ಏಳರಲ್ಲಿ ಒಂದು ಪಾಲು. ಅಂದರೆ ಹೆಚ್ಚಿನ ನೀರು ಬರುವುದು ನಾವು ಫೋಟೋದಲ್ಲಿ ನೋಡದ ಕಡೆಯಿಂದ.

ಯಾವ ಕವಲಿನಲ್ಲೂ ತೀರ್ಮಾನ ಹೀಗೆ ಮಾಡಿ:

1. ಮೊದಲು ಅಧಿಕೃತ ಹೆಸರು. ವಿಶೇಷಣವಿಲ್ಲದ ಬರೀ ‘ಕ್ಲೋಂಡೈಕ್’ ಹೆಸರು ಯಾವ ಎಳೆಯ ಮೇಲೆ ಮುಂದುವರಿಯುತ್ತದೆ ನೋಡಿ.
2. ಆಮೇಲೆ ಜಲಾನಯನದ ವಿಸ್ತೀರ್ಣ.
3. ಆಮೇಲೆ ಉದ್ದ.

ಹೆಸರು ಮತ್ತು ಅಳತೆ ಜಗಳವಾಡಿದರೆ ಹೆಸರನ್ನು ಹಿಡಿದು, ಅಳತೆಯನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ನದಿಗೆ ಹೊಸ ಹೆಸರಿಡುವ ಕೆಲಸ ನಮ್ಮದಲ್ಲ.

## ಹಂತ 7: ನೀರು ಒಡೆಯುವ ಗೆರೆ ದಾಟಬೇಡಿ

ಉತ್ತರ ಕ್ಲೋಂಡೈಕ್ ಕಣಿವೆಯನ್ನು ಹಿಡಿದು ಮೇಲೆ ಹೋದರೆ ಡೆಂಪ್‌ಸ್ಟರ್ ಹೆದ್ದಾರಿಯ ಸುಮಾರು 82ನೇ ಕಿ.ಮೀ. ಬಳಿ ನಾರ್ತ್ ಫೋರ್ಕ್ ಪಾಸ್ ಸಿಗುತ್ತದೆ. ಎತ್ತರ ಸುಮಾರು 1,300 ಮೀಟರ್. ಪಾಸ್ ಅಂದರೆ ಕಡಿದಾದ ಘಾಟಿ ಅಂದುಕೊಳ್ಳಬೇಡಿ. ಅಗಲವಾದ, ಮರವಿಲ್ಲದ, ಜೌಗು ಹಿಡಿದ ಬಯಲು. ಎರಡು ಕಡೆಯ ತೊರೆಗಳ ತಲೆ ಹತ್ತಿರ ಹತ್ತಿರವೇ ಇವೆ. ನಕ್ಷೆಯಲ್ಲಿ ಕಾಂಟೂರ್ ಗೆರೆಗಳು ಅಪರೂಪ, ನೀಲಿ ಗೆರೆಗಳು ಒಂದಕ್ಕೊಂದು ತಾಗಿದ ಹಾಗೆ. ಪೆನ್ಸಿಲು ತಾನಾಗಿ ಆ ಕಡೆ ಜಾರುತ್ತದೆ.

ಜಾರಿದರೆ ಗತಿಯೇ ಬೇರೆ. ಪಾಸ್‌ನ ಈ ಕಡೆಯ ನೀರು ಕ್ಲೋಂಡೈಕ್, ಯೂಕಾನ್ ಮೂಲಕ ಬೇರಿಂಗ್ ಸಮುದ್ರಕ್ಕೆ ಹೋಗುತ್ತದೆ. ಆ ಕಡೆಯದು ಬ್ಲಾಕ್‌ಸ್ಟೋನ್ ನದಿ. ಅದು ಓಗಿಲ್ವಿ ನದಿಯ ಜೊತೆ ಕೂಡಿ ಪೀಲ್ ನದಿಯಾಗುತ್ತದೆ. ಪೀಲ್ ಮೆಕೆಂಜಿಗೆ, ಮೆಕೆಂಜಿ ಬ್ಯೂಫೋರ್ಟ್ ಸಮುದ್ರಕ್ಕೆ. ಇಲ್ಲೇ ಹೆಸರಿನ ಬಲೆಯೂ ಇದೆ. ಓಗಿಲ್ವಿ ಪರ್ವತಗಳಲ್ಲಿ ಹುಟ್ಟಿದ ನೀರೆಲ್ಲ ಕ್ಲೋಂಡೈಕ್‌ಗೆ ಬರುವುದಿಲ್ಲ. ಓಗಿಲ್ವಿ ಅನ್ನುವ ಹೆಸರಿನ ನದಿಯೇ ಬರುವುದಿಲ್ಲ ನೋಡಿ!

ದಾಟಿದ್ದೀರಾ ಅಂತ ತಿಳಿಯುವ ಗುರುತುಗಳು:

- ಕಾಂಟೂರಿನ ಮೊನೆಗಳು ದಿಕ್ಕು ಬದಲಿಸಿದವು. ಅಲ್ಲಿಯವರೆಗೆ ಉತ್ತರಕ್ಕೆ ತೋರುತ್ತಿದ್ದದ್ದು ಈಗ ದಕ್ಷಿಣಕ್ಕೆ.
- ಎತ್ತರದ ಅಂಕಿ ಏರುತ್ತಾ ಬಂದು ಈಗ ಇಳಿಯುತ್ತಿದೆ. ಮೇಲಕ್ಕೆ ಹತ್ತುವವನಿಗೆ ಇಳಿಜಾರು ಸಿಗಬಾರದು.
- ಹತ್ತಿರದ ಜಲಮಾಪನ ಕೇಂದ್ರದ ಸಂಖ್ಯೆ 09ರ ಬದಲು 10ರಿಂದ ಶುರುವಾಗುತ್ತದೆ. ಕೆನಡಾದ ಕ್ರಮದಲ್ಲಿ 09 ಯೂಕಾನ್ ಜಲಾನಯನ, 10 ಆರ್ಕ್ಟಿಕ್ ಕಡೆಯದು. ಕ್ಲೋಂಡೈಕ್ ಕೇಂದ್ರದ ಸಂಖ್ಯೆ 09ಇಎ003.

ಮೂರನೆಯದು ನನಗೆ ಬಹಳ ಇಷ್ಟವಾದ ಉಪಾಯ. ಎರಡು ಸೆಕೆಂಡಿನ ಕೆಲಸ.

ಕಣಿವೆಯ ಆಕಾರವೂ ಸಹಾಯಕ್ಕೆ ಬರುತ್ತದೆ. ಡಾಸನ್ ಸುತ್ತಿನ ಪ್ರಸ್ಥಭೂಮಿಯನ್ನು ಹಿಮಯುಗದ ದೊಡ್ಡ ಹಿಮಹಾಳೆಗಳು ಮುಚ್ಚಲಿಲ್ಲ. ಅದಕ್ಕೆ ಅಲ್ಲಿನ ಸಣ್ಣ ತೊರೆಗಳ ಕಣಿವೆಗಳು ನೀರು ಕೊರೆದಂತೆ ಚೂಪು. ಮೇಲಿನ ಪರ್ವತಗಳಲ್ಲಿ ಸ್ಥಳೀಯ ಹಿಮನದಿಗಳಿದ್ದವು, ಅಲ್ಲಿ ಕಣಿವೆ ತೊಟ್ಟಿಲಿನ ಹಾಗೆ ಅಗಲ. ನಡುವೆ ಟಿಂಟಿನಾ ಟ್ರೆಂಚ್ ಎಂಬ ಉದ್ದನೆಯ ತಗ್ಗು ವಾಯವ್ಯದಿಂದ ಆಗ್ನೇಯಕ್ಕೆ ಸ್ಕೇಲ್ ಇಟ್ಟು ಎಳೆದಂತೆ ಹಾಯ್ದಿದೆ. ಭೂಮಿಯ ಪದರ ಜಾರಿದ ಸ್ತರಭಂಗ ಅದು. ಪರ್ವತದಿಂದ ಇಳಿದು ಈ ತಗ್ಗನ್ನು ದಾಟಿ ಪ್ರಸ್ಥಭೂಮಿಗೆ ಬರುವುದು ಕ್ಲೋಂಡೈಕ್‌ನ ಹಾದಿ. ಈ ಮೂರು ತುಂಡುಗಳನ್ನು 1:2,50,000 ನಕ್ಷೆಯಲ್ಲಿ ಗುರುತಿಸಿಕೊಂಡರೆ ನೀವು ಈಗ ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತಿರುತ್ತದೆ.

## ಹಂತ 8: ಉದ್ದ ಅಳೆಯಿರಿ

ಕಾಗದದಲ್ಲಾದರೆ ದಾರವನ್ನು ಸ್ವಲ್ಪ ಒದ್ದೆ ಮಾಡಿ, ಅದು ಗೆರೆಗೆ ಅಂಟುತ್ತದೆ. ಬಳಸು ಇರುವ ಕಡೆ ಗುಂಡುಪಿನ್ನು ಚುಚ್ಚಿ ದಾರ ಸುತ್ತಿ. ಆಮೇಲೆ ಬಿಡಿಸಿ ಸ್ಕೇಲಿನ ಮೇಲೆ ಇಡಿ, ಎಳೆಯಬೇಡಿ. ಎರಡು ಸಲ ಅಳೆದು ಎರಡೂ ಅಂಕಿಗಳನ್ನು ಬರೆಯಿರಿ.

ಕಂಪ್ಯೂಟರ್‌ನಲ್ಲಿ ಬೇರೆ ಅಪಾಯವಿದೆ. ವೆಬ್ ನಕ್ಷೆಗಳು ಸಾಮಾನ್ಯವಾಗಿ ಮರ್ಕೇಟರ್ ವಿಧಾನದವು. ಧ್ರುವದ ಕಡೆ ಹೋದಷ್ಟೂ ಅವು ನೆಲವನ್ನು ಹಿಗ್ಗಿಸುತ್ತವೆ. 64 ಡಿಗ್ರಿಯಲ್ಲಿ ಈ ಹಿಗ್ಗು ಸುಮಾರು 2.28 ಪಟ್ಟು. ಭೂಮಿ ದುಂಡಗಿದೆ ಅಂತ ಲೆಕ್ಕ ಹಿಡಿಯುವ ಅಳತೆ ಸಾಧನವನ್ನು ಆರಿಸಿಕೊಳ್ಳದಿದ್ದರೆ 160 ಕಿ.ಮೀ. ನದಿ 365 ಆಗುತ್ತದೆ. ಒಂದು ಡಿಗ್ರಿ ಅಂದರೆ 111 ಕಿ.ಮೀ. ಅಂತ ಬಾಯಿಪಾಠ ಮಾಡಿದವರಿಗೂ ಇದೇ ಗಂಡಾಂತರ. ಅಕ್ಷಾಂಶಕ್ಕೆ ಅದು ಸರಿ. ಇಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 49 ಕಿ.ಮೀ. ಮಾತ್ರ. ಕ್ಲೋಂಡೈಕ್ ಕೆಳಭಾಗದಲ್ಲಿ ಪೂರ್ವ–ಪಶ್ಚಿಮವಾಗಿಯೇ ಹರಿಯುವುದರಿಂದ ಈ ತಪ್ಪು ಇಡಿಯಾಗಿ ತಲೆಗೆ ಬರುತ್ತದೆ.

ಅಳೆಯುವ ಮುಂಚೆ ಸಾಧನವನ್ನೇ ಪರೀಕ್ಷೆ ಮಾಡಿ. ಸಂಗಮದಿಂದ ಡಾಸನ್ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆಯಿರಿ. ಸುಮಾರು 15 ಕಿ.ಮೀ. ಬಂದರೆ ಸಾಧನ ಸರಿಯಿದೆ. 34ರ ಆಸುಪಾಸು ಬಂದರೆ ಅಲ್ಲೇ ನಿಲ್ಲಿಸಿ, ಸೆಟ್ಟಿಂಗ್ ಸರಿಮಾಡಿ.

ಯಾವ ನಕ್ಷೆಯಿಂದ ಅಳೆದಿರಿ ಅಂತ ಹೇಳದೆ ಉದ್ದವನ್ನು ಬರೆಯಬೇಡಿ. ಅದೇ ನದಿ 1:2,50,000 ನಕ್ಷೆಯಲ್ಲಿ ಗಿಡ್ಡ, 1:50,000ರಲ್ಲಿ ಉದ್ದ. ಸಣ್ಣ ಬಳಸುಗಳು ಮೊದಲನೆಯದರಲ್ಲಿ ಸವೆದುಹೋಗಿರುತ್ತವೆ. ನಿಮ್ಮ ಅಂಕಿ 160ಕ್ಕಿಂತ ಸ್ವಲ್ಪ ಆಚೀಚೆ ಬಂದರೆ ಗಾಬರಿ ಬೇಡ. ಅರ್ಧವೋ ಎರಡರಷ್ಟೋ ಬಂದರೆ ಹಂತ 6ಕ್ಕೆ ವಾಪಸ್ ಹೋಗಿ.

## ಹಂತ 9: ಇಳಿಜಾರಿನ ಲೆಕ್ಕ

ಹಳೆಯ ಹಾಳೆಗಳಲ್ಲಿ ಕಾಂಟೂರ್ ಅಡಿಯಲ್ಲಿರಬಹುದು, ಹೊಸದರಲ್ಲಿ ಮೀಟರ್. ಪಕ್ಕಪಕ್ಕದ ಎರಡು ಹಾಳೆ ಬೇರೆ ಬೇರೆ ಆಗಿರುವ ಸಾಧ್ಯತೆಯೂ ಇದೆ. ಅಂಚಿನ ಟಿಪ್ಪಣಿ ಓದಿಯೇ ಮುಂದೆ ಹೋಗಿ. ಡಾಸನ್ ಸುಮಾರು 320 ಮೀಟರ್ ಎತ್ತರದಲ್ಲಿದೆ, ಅಂದರೆ 1,050 ಅಡಿ. ಸಂಗಮದ ಬಳಿ ಕಾಂಟೂರ್ 1,000 ಅಂತಿದ್ದರೆ ಅದು ಅಡಿಯೇ.

ಉತ್ತರ ಕ್ಲೋಂಡೈಕ್ ಎಳೆಗೆ ಒರಟು ಲೆಕ್ಕ ಒಂದನ್ನು ಮೊದಲೇ ಮಾಡಿಟ್ಟುಕೊಳ್ಳಿ. ನಾರ್ತ್ ಫೋರ್ಕ್ ಪಾಸ್ 1,300, ಡಾಸನ್ 320. ಇಳಿತ 980 ಮೀಟರ್. ರಸ್ತೆಯಲ್ಲಿ ದೂರ 82 ಮತ್ತು 40, ಒಟ್ಟು 122 ಕಿ.ಮೀ. ಕಿ.ಮೀ.ಗೆ ಸರಾಸರಿ 8 ಮೀಟರ್. ನದಿ ರಸ್ತೆಗಿಂತ ಹೆಚ್ಚು ಬಳಸುವುದರಿಂದ ನಿಮ್ಮ ಅಂಕಿ ಇದಕ್ಕಿಂತ ಕಡಿಮೆ ಬರಬೇಕು. ಸರಾಸರಿಯೊಂದಿಗೆ ಸುಮ್ಮನಾಗದೆ ಮೇಲಿನ ತುಂಡು, ಕೆಳಗಿನ ತುಂಡು ಬೇರೆ ಬೇರೆ ಲೆಕ್ಕ ಹಾಕಿ. ಹೆಚ್ಚಿನ ಇಳಿತ ಮೇಲ್ಗಡೆಯೇ ಮುಗಿದಿರುತ್ತದೆ.

## ಹಂತ 10: ನೀರಿನ ಅಂಕಿಗಳನ್ನು ಓದುವಾಗ ಮಂಜುಗಡ್ಡೆ ನೆನಪಿರಲಿ

ಕೇಂದ್ರ 09ಇಎ003ರ ದಿನದಿನದ ಅಂಕಿಗಳು ಆನ್‌ಲೈನ್‌ನಲ್ಲಿವೆ. ನಮ್ಮ ತಲೆಯಲ್ಲಿ ನದಿ ತುಂಬುವುದು ಜುಲೈ, ಆಗಸ್ಟ್. ಇಲ್ಲಿ ಹಾಗಲ್ಲ. ಚಳಿಗಾಲದ ಹಿಮ ಕರಗುವ ಮೇ, ಜೂನ್‌ನಲ್ಲಿ ತುಂಬುತ್ತದೆ. ಚಳಿಗಾಲದ ಕೊನೆಯಲ್ಲಿ ಅತಿ ಕಡಿಮೆ.

ಅಂಕಿಯ ಪಕ್ಕದಲ್ಲಿ ಬಿ ಅಕ್ಷರ ಕಂಡರೆ ಅದು ಮಂಜುಗಡ್ಡೆಯ ದಿನ. ಆಗ ನೀರಿನ ಮಟ್ಟ ಏರಿದರೂ ಹರಿವು ಏರಿರಬೇಕೆಂದಿಲ್ಲ. ಕೆಳಗೆ ಗಡ್ಡೆಗಳು ಸಿಕ್ಕಿಕೊಂಡು ಅಣೆಕಟ್ಟಿನ ಹಾಗೆ ನೀರನ್ನು ಹಿಂದಕ್ಕೆ ನಿಲ್ಲಿಸಿರುತ್ತವೆ. 2023ರ ಮೇ ತಿಂಗಳಲ್ಲಿ ಹೀಗೇ ಗಡ್ಡೆ ಕಟ್ಟಿ ಕ್ಲೋಂಡೈಕ್ ಕಣಿವೆಯಲ್ಲಿ ನೆರೆ ಬಂತು, ಜನರನ್ನು ಮನೆಗಳಿಂದ ತೆರವು ಮಾಡಿಸಬೇಕಾಯಿತು. ಮಟ್ಟದ ಅಂಕಿಯನ್ನಷ್ಟೇ ನೋಡಿ ಭಾರಿ ಹರಿವು ಅಂತ ಬರೆದರೆ ತಪ್ಪಾಗುತ್ತದೆ.

ಜೂನ್ ಚಿತ್ರದಲ್ಲಿ ಕಣಿವೆಯ ತಳದಲ್ಲಿ ಬಿಳಿ ಹಾಸು ಕಂಡರೆ ಅದನ್ನು ಹಿಮನದಿ ಅನ್ನಬೇಡಿ. ಚಳಿಗಾಲದಲ್ಲಿ ಅಡಿಯಿಂದ ಉಕ್ಕಿದ ನೀರು ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ನಿಂತದ್ದು ಅದು. ಬೇಸಿಗೆ ಕಳೆಯುವುದರೊಳಗೆ ಸಾಮಾನ್ಯವಾಗಿ ಕರಗಿರುತ್ತದೆ. ಆಗಸ್ಟ್ ಚಿತ್ರ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

## ಹಂತ 11: ಈಗ ತಿರುಗಿ ನಿಂತು ಬರೆಯಿರಿ

ಹುಡುಕಿದ್ದು ಕೆಳಗಿನಿಂದ ಮೇಲಕ್ಕೆ. ಬರೆಯುವುದು ಮೇಲಿನಿಂದ ಕೆಳಕ್ಕೆ. ನೋಟ್‌ಬುಕ್ಕಿನ ಪಟ್ಟಿಯನ್ನು ಹಾಗೇ ನಕಲು ಮಾಡಿದರೆ ಬೊನಾಂಜಾ ಮೊದಲು, ಉತ್ತರ ಕ್ಲೋಂಡೈಕ್ ಕೊನೆಗೆ ಬಂದು ನದಿ ಹಿಂದಕ್ಕೆ ಹರಿಯುತ್ತದೆ! ಪಟ್ಟಿಯನ್ನು ಕೊನೆಯ ಸಾಲಿನಿಂದ ಓದಿ. ಹುಟ್ಟು, ದಿಕ್ಕು, ಉಪನದಿ ಮತ್ತು ಅದು ಸೇರುವ ದಂಡೆ, ಸಂಗಮ, ಕೊನೆಗೆ ಸೇರುವ ಸಮುದ್ರ. ಈ ಕ್ರಮ ಸಾಕು. ಮಾದರಿ ಹೀಗಿದೆ:

‘ಕ್ಲೋಂಡೈಕ್ ನದಿ ಓಗಿಲ್ವಿ ಪರ್ವತಗಳಲ್ಲಿ ಹುಟ್ಟಿ, ಟಿಂಟಿನಾ ಟ್ರೆಂಚ್ ದಾಟಿ ಪಶ್ಚಿಮಕ್ಕೆ ಹರಿಯುತ್ತದೆ. ಬಲದಂಡೆಯಲ್ಲಿ ಉತ್ತರ ಕ್ಲೋಂಡೈಕ್, ಆಮೇಲೆ ರಾಕ್ ಕ್ರೀಕ್ ಬಂದು ಸೇರುತ್ತವೆ. ಅಲ್ಲಿಂದ ಕೆಳಗೆ ಎಡದಂಡೆಯಲ್ಲಿ ಹಂಕರ್, ಬೇರ್, ಬೊನಾಂಜಾ ಕ್ರೀಕ್‌ಗಳು ಕ್ರಮವಾಗಿ ಸೇರುತ್ತವೆ. ಸುಮಾರು 160 ಕಿ.ಮೀ. ಹರಿದು, ಡಾಸನ್ ಸಿಟಿಯ ದಕ್ಷಿಣ ಅಂಚಿನಲ್ಲಿ ಯೂಕಾನ್ ನದಿಯ ಬಲದಂಡೆಗೆ ಕೂಡುತ್ತದೆ. ಇದರ ನೀರು ಕೊನೆಗೆ ಸೇರುವುದು ಬೇರಿಂಗ್ ಸಮುದ್ರವನ್ನು.’

ಬರೆದಾದ ಮೇಲೆ ನಕ್ಷೆ ಗೊತ್ತಿಲ್ಲದ ಒಬ್ಬರಿಗೆ ಆ ಪ್ಯಾರಾ ಮತ್ತು ಒಂದು ಖಾಲಿ ಹಾಳೆ ಕೊಡಿ. ಓದಿಕೊಂಡು ನದಿಯ ಚಿತ್ರ ಬರೆಯಲು ಹೇಳಿ. ಬೊನಾಂಜಾವನ್ನು ಅವರು ಉತ್ತರಕ್ಕೆ ಬಿಡಿಸಿದರೆ ದಂಡೆಯ ವಿಷಯ ನಿಮ್ಮ ಬರಹದಲ್ಲಿ ಸ್ಪಷ್ಟವಾಗಿಲ್ಲ. ಆ ಒಂದು ವಾಕ್ಯ ತಿದ್ದಿ, ಚಿತ್ರ ಬಿಡಿಸಲು ಈ ಸಲ ಬೇರೆಯವರಿಗೆ ಕೊಡಿ.